ವಿಳಾಸ ತಿದ್ದುವ ಕೈಗಳು

ಬೆಳಗಾವಿಯಿಂದ ಖಾನಾಪುರ ರಸ್ತೆ ಹಿಡಿದರೆ ಮಚ್ಛೆಯ ಬಳಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನ ಸಂಗಮ’ ಸಿಗುತ್ತದೆ. ಅಲ್ಲಿನ ಕಂಪ್ಯೂಟರ್ ವಿದ್ಯಾರ್ಥಿಗಳಿಗೆ ಲಿನಕ್ಸ್ ಕಾರ್ಯಾಚರಣಾ ವ್ಯವಸ್ಥೆಯ ತಿರುಳಾದ ಕರ್ನಲ್ ಗೊತ್ತು. ಆದರೆ ಕರ್ನಲ್ ದಾಖಲೆಗಳಲ್ಲಿ ಕಡತಗಳ ವಿಳಾಸ ತಿದ್ದುವವರ ಕುಸುರಿ ಯಾರ ಕಣ್ಣಿಗೂ ಅಷ್ಟಾಗಿ ಬೀಳದು.

2016ರಲ್ಲಿ ಕೋಡ್ ಬರೆಯುವ ಶೈಲಿಯನ್ನು ವಿವರಿಸುವ ಲಿನಕ್ಸ್‌ನ ‘ಕೋಡಿಂಗ್‌ಸ್ಟೈಲ್’ ದಾಖಲೆ ‘ಪ್ರೋಸೆಸ್’ ಫೋಲ್ಡರಿಗೆ ಹೋಯಿತು. ಹಳೆಯ ಜಾಗದಲ್ಲಿ ಹೊಸ ವಿಳಾಸ ಹೇಳುವ ಪುಟ್ಟ ಕಡತವೊಂದನ್ನು ಉಳಿಸಿದರು. ಎಂಥ ಸೌಜನ್ಯ! 2014ರ ನವೆಂಬರ್ 1ರಂದು ಬೆಲ್ಗಾಂನ ಅಧಿಕೃತ ಹೆಸರು ಬೆಳಗಾವಿಯಾದರೂ ರೈಲು ನಿಲ್ದಾಣದ ಕೋಡ್ ‘ಬಿಜಿಎಂ’ ಆಗಿಯೇ ಉಳಿದು ದಾರಿ ತೋರುವ ಹಾಗೆ.

2023ರಲ್ಲಿ ಎಕ್ಸ್86 ಪ್ರೊಸೆಸರ್‌ಗಳ ಕುರಿತ ದಾಖಲೆಗಳು ‘ಆರ್ಚ್’ ಫೋಲ್ಡರಿನೊಳಗೆ ಸರಿದವು. ಕಡತ ಸರಿಸುವುದು ಸುಲಭ. ಅದನ್ನು ನೆಚ್ಚಿಕೊಂಡ ಸಾಲುಗಳೋ ಎಲ್ಲೆಲ್ಲೂ ಇರುತ್ತವೆ. ಸಿ ಕೋಡಿನ ಟಿಪ್ಪಣಿಯಲ್ಲಿ, ಕರ್ನಲ್ ಆಯ್ಕೆಗಳನ್ನು ವಿವರಿಸುವ ಕೆಕಾನ್ಫಿಗ್‌ನ ಸಹಾಯ ಪಠ್ಯದಲ್ಲಿ, ಯಾವ ಭಾಗವನ್ನು ಯಾರು ನೋಡಿಕೊಳ್ಳುತ್ತಾರೆಂದು ಹೇಳುವ ‘ಮೇಂಟೇನರ್ಸ್’ ಪಟ್ಟಿಯಲ್ಲಿ. ಆ ಪಟ್ಟಿಯ ವಿಳಾಸ ತಪ್ಪಿದರೆ ತಿದ್ದುಪಡಿಯ ಮಿಂಚಂಚೆ ತಲುಪಬೇಕಾದವರಿಗೆ ತಲುಪದೇ ಹೋದೀತು. ವಿಳಾಸ ತಿದ್ದುವ ಪ್ಯಾಚ್ ತೆರೆದರೆ ಹಳೆಯದರ ಕೆಂಪು ಸಾಲೊಂದು, ಅದರಡಿ ಹೊಸದರ ಹಸಿರು ಸಾಲೊಂದು; ನಡುವೆ ಬದಲಾಗಿದ್ದು ಬರೀ ‘ಆರ್ಚ್/’. ಬೇರೊಂದು ಅಕ್ಷರವನ್ನೂ ಮುಟ್ಟದ ಆ ಸಂಯಮವೇ ಅದರ ಚೆಲುವು.

ಮುರಿದ ವಿಳಾಸ ಹುಡುಕಲೆಂದೇ ‘ಡಾಕ್ಯುಮೆಂಟೇಶನ್-ಫೈಲ್-ರೆಫ್-ಚೆಕ್’ ಎಂಬ ಸ್ಕ್ರಿಪ್ಟ್ ಇದೆ. ‘ಫಿಕ್ಸ್’ ಎಂಬ ಆಯ್ಕೆ ಕೊಟ್ಟರೆ, ಹೊಂದುವ ಕಡತ ಒಂದೇ ಇದ್ದಾಗ ತಾನೇ ತಿದ್ದುತ್ತದೆ. ಹಲವು ಸಿಕ್ಕರೆ ಊಹಿಸಲು ಹೋಗದೆ ಎಲ್ಲವನ್ನೂ ಮುಂದಿಟ್ಟು ಸುಮ್ಮನಾಗುತ್ತದೆ. ಆಗ ಮನುಷ್ಯರು ಕೂತು ಓದಿ, ಟಿಪ್ಪಣಿ ಬರೆದವರ ಮನಸ್ಸಿನಲ್ಲಿದ್ದ ಕಡತ ಯಾವುದೆಂದು ನಿರ್ಧರಿಸುತ್ತಾರೆ.