ದಡ ಸೇರಿದ ಮೇಲಿನ ಕಥೆ

ಕಬೇಸಾ ದೆ ವಾಕಾ ಎಂಬ ಸ್ಪೇನಿನ ಅಧಿಕಾರಿ 1542ರಲ್ಲಿ ಪ್ರಕಟಿಸಿದ ವೃತ್ತಾಂತದ ಕೊನೆಯಲ್ಲಿ, ಫ್ಲೋರಿಡಾ ದಂಡಯಾತ್ರೆಯಿಂದ ಜೀವಂತವಾಗಿ ಮರಳಿದ ನಾಲ್ವರ ಹೆಸರುಗಳಿವೆ. ಮೂವರಿಗೆ ಊರಿದೆ, ತಂದೆಯ ಹೆಸರಿದೆ, ಮನೆತನದ ಹಿರಿಮೆಯಿದೆ. ನಾಲ್ಕನೆಯವನು ಎಸ್ತೆಬಾನಿಕೊ. ಮೊರಾಕೊದ ಅಜೆಮ್ಮೂರಿನ ಕಪ್ಪು ಅರಬ ಎಂಬಷ್ಟರಲ್ಲಿ ಅವನ ಪರಿಚಯ ಮುಗಿಯುತ್ತದೆ. ಅಪ್ಪನ ಹೆಸರಿಲ್ಲ. ಅವನು ಗುಲಾಮ.

ಲೈಲಾ ಲಲಾಮಿ ಅವರ ಇಂಗ್ಲಿಷ್ ಕಾದಂಬರಿ ‘ದ ಮೂರ್ಸ್ ಅಕೌಂಟ್’ (2014) ಹುಟ್ಟಿರುವುದು ಈ ಜಾಗದಿಂದಲೇ. ಮೊರಾಕೊದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿರುವ ಲಲಾಮಿ, ಆ ನಾಲ್ಕನೆಯವನಿಗೆ ಮುಸ್ತಫಾ ಎಂಬ ಹೆಸರು ಕೊಟ್ಟು, ಇಡೀ ಕಥೆಯನ್ನು ಅವನ ಬಾಯಿಂದಲೇ ಹೇಳಿಸುತ್ತಾರೆ. 2015ರ ಪುಲಿಟ್ಜರ್ ಪ್ರಶಸ್ತಿಯ ಅಂತಿಮ ಸುತ್ತಿಗೆ ಬಂದಿದ್ದ ಕೃತಿ ಇದು. ಹಡಗೊಡೆದವರ ಕುರಿತ ಐತಿಹಾಸಿಕ ಕಾದಂಬರಿಗಳ ಸಾಲಿನಲ್ಲಿ ಇದಕ್ಕೆ ಎತ್ತರದ ಸ್ಥಾನ ಸಲ್ಲಬೇಕು. ಹಾಗೆ ಹೇಳಲು ಕಾರಣ ಸಮುದ್ರದ ಅಧ್ಯಾಯಗಳಲ್ಲ, ಅದರ ನಂತರದವು.

ಸಮುದ್ರದ ಭಾಗಕ್ಕೆ ಇತಿಹಾಸವೇ ಬೇಕಾದಷ್ಟು ಒದಗಿಸಿದೆ. 1527ರಲ್ಲಿ ನಾರ್ವಾಯೆಸ್‌ನ ನಾಯಕತ್ವದಲ್ಲಿ ಸ್ಪೇನಿನಿಂದ ಹೊರಟ ತಂಡ ಮರುವರ್ಷ ಫ್ಲೋರಿಡಾದಲ್ಲಿ ಇಳಿಯಿತು. ಬಂಗಾರದ ಆಸೆಗೆ ಸುಮಾರು ಮುನ್ನೂರು ಮಂದಿ ಒಳನಾಡಿಗೆ ನಡೆದರು, ಹಡಗುಗಳ ಸಂಪರ್ಕ ಕಡಿದುಹೋಯಿತು. ಹಸಿವು, ಕಾಯಿಲೆ, ಬಾಣಗಳ ನಡುವೆ ಕಡಲಂಚಿಗೆ ಮರಳಿದವರು ತಾವೇ ದೋಣಿ ಕಟ್ಟಲು ಕೂತರು. ಕುದುರೆಯ ರಿಕಾಪುಗಳನ್ನು ಕರಗಿಸಿ ಮೊಳೆ, ಗರಗಸ, ಕೊಡಲಿ ಮಾಡಿಕೊಂಡರು. ಅಂಗಿಗಳನ್ನು ಹೊಲಿದು ಹಾಯಿ ಮಾಡಿದರು. ಕುದುರೆಗಳನ್ನು ಒಂದೊಂದಾಗಿ ಕೊಂದು ತಿಂದರು, ಬಾಲ ಮತ್ತು ಜೂಲಿನ ಕೂದಲಿನಿಂದ ಹಗ್ಗ ಹೊಸೆದರು, ಕಾಲಿನ ಚರ್ಮವನ್ನು ಇಡಿಯಾಗಿ ಸುಲಿದು ನೀರಿನ ಚೀಲ ಮಾಡಿಕೊಂಡರು. ಆ ಚೀಲಗಳು ನಡುನೀರಿನಲ್ಲಿ ಕೊಳೆತವು. ಅಂಥ ಐದು ದೋಣಿಗಳಲ್ಲಿ ಹೊರಟವರಲ್ಲಿ ಕೆಲವರನ್ನು 1528ರ ನವೆಂಬರ್‌ನಲ್ಲಿ ಅಲೆಗಳು ಇಂದಿನ ಟೆಕ್ಸಾಸ್ ಕರಾವಳಿಯ ದ್ವೀಪವೊಂದಕ್ಕೆ ಎಸೆದವು. ಅಲ್ಲಿ ಸೇರಿದ ಸುಮಾರು ಎಂಬತ್ತು ಮಂದಿಯಲ್ಲಿ ಚಳಿಗಾಲ ದಾಟಿದವರು ಹದಿನೈದು. ಇವನ್ನೆಲ್ಲ ಮುಸ್ತಫಾ ಏರುದನಿಯಿಲ್ಲದೆ ಹೇಳುತ್ತಾನೆ. ಅದೇ ಸರಿ. ಇಂಥ ಸಂಗತಿಗಳಿಗೆ ಮೇಲೊಂದು ಉದ್ಗಾರದ ಅಗತ್ಯವಿಲ್ಲ.

ಆಮೇಲಿನ ಎಂಟು ವರ್ಷಗಳೇ ಕಾದಂಬರಿಯ ಜೀವ. ಬೆತ್ತಲೆಯಾಗಿ ದಡಕ್ಕೆ ಬಿದ್ದವರಲ್ಲಿ ಒಡೆಯ ಯಾರು, ಆಳು ಯಾರು? ಮುಸ್ತಫಾನ ಒಡೆಯ ದೊರಾಂತೆಸ್ ಈಗ ಸ್ಥಳೀಯ ಬುಡಕಟ್ಟಿನವರಿಗೆ ಸೌದೆ ಹೊರುತ್ತಾನೆ, ಬೈಗುಳ ತಿನ್ನುತ್ತಾನೆ. ನುಡಿಗಳನ್ನು ಬೇಗ ಕಲಿಯುವ ಮುಸ್ತಫಾ ಎಲ್ಲರಿಗೂ ಬೇಕಾದವನಾಗುತ್ತಾನೆ. ನಾಲ್ವರೂ ವೈದ್ಯರೆಂದು ಹೆಸರಾಗಿ ಊರಿಂದೂರಿಗೆ ನಡೆಯುತ್ತಾರೆ. ಲಲಾಮಿ ಇದನ್ನು ಸಮಾನತೆಯ ಸುಂದರ ಕನಸನ್ನಾಗಿ ಮಾಡುವುದಿಲ್ಲ. ದೊರಾಂತೆಸ್ ಒಳ್ಳೆಯವನಾಗುತ್ತಾನೆ, ಆದರೆ ಬೇರೆ ದಾರಿಯಿಲ್ಲದ ಕಾರಣಕ್ಕೆ. 1536ರಲ್ಲಿ ಮೆಕ್ಸಿಕೋದ ಕೂಲಿಯಾಕಾನ್ ಬಳಿ ಗುಲಾಮರನ್ನು ಹಿಡಿಯಲು ಬಂದ ಸ್ಪೇನಿನ ಸವಾರರು ಎದುರಾಗುತ್ತಾರೆ. ಆ ಕ್ಷಣದಿಂದ ಹಳೆಯ ಲೆಕ್ಕ ಮತ್ತೆ ಚಾಲ್ತಿಗೆ ಬರುತ್ತದೆ. ಮೆಕ್ಸಿಕೋ ನಗರದಲ್ಲಿ ಮೂವರು ಕ್ಯಾಸ್ಟಿಲಿಯನ್ನರ ಹೇಳಿಕೆಯನ್ನು ಸರ್ಕಾರ ಬರೆಸಿಕೊಳ್ಳುತ್ತದೆ, ನಾಲ್ಕನೆಯವನನ್ನು ಯಾರೂ ಕೇಳುವುದಿಲ್ಲ. ಬಿಡುಗಡೆಯ ಪತ್ರ ಇಂದು, ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಹಸಿವಿನ ವರ್ಷಗಳಿಗಿಂತ ಹೊಟ್ಟೆ ತುಂಬಿದ ಈ ಪುಟಗಳನ್ನು ಓದುವುದು ಹೆಚ್ಚು ಕಷ್ಟ. ಈ ಕೃತಿಯ ದೊಡ್ಡ ಗೆಲುವು ಅಲ್ಲಿದೆ.

ಅಮಿತಾವ್ ಘೋಷ್ ಅವರ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಓದಿದ ಕನ್ನಡಿಗರಿಗೆ ಇಲ್ಲಿ ಬೊಮ್ಮ ನೆನಪಾಗಬಹುದು. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿದ್ದ ಯಹೂದಿ ವ್ಯಾಪಾರಿ ಬೆನ್ ಯಿಜುವಿನ ಆಳು ಅವನು; ಬೇರೆಯವರ ಪತ್ರಗಳಲ್ಲಿ ಮಾತ್ರ ಉಳಿದವನು. ಘೋಷ್ ಅವನ ಜಾಡು ಹಿಡಿದು ತುಳುನಾಡಿಗೆ ಬಂದರು, ಆದರೆ ಅವನ ಬಾಯಿಗೆ ಮಾತು ತುಂಬಲಿಲ್ಲ. ಲಲಾಮಿ ಆಯ್ದುಕೊಂಡದ್ದು ಹೆಚ್ಚು ಅಪಾಯದ ದಾರಿ.

ಆ ಅಪಾಯದ ಬೆಲೆಯನ್ನೂ ಕಾದಂಬರಿ ತೆತ್ತಿದೆ. ಲಲಾಮಿಯ ಮುಸ್ತಫಾ ಅಜೆಮ್ಮೂರಿನಲ್ಲಿ ವ್ಯಾಪಾರಿಯಾಗಿದ್ದವನು, ಲಾಭಕ್ಕಾಗಿ ಮನುಷ್ಯರನ್ನು ಮಾರಿದವನು. ಬರಗಾಲದಲ್ಲಿ ಮನೆಯವರ ಹೊಟ್ಟೆಗಾಗಿ ಕೊನೆಗೆ ತನ್ನನ್ನೇ ಮಾರಿಕೊಳ್ಳುತ್ತಾನೆ. ಎಂಥ ಗಟ್ಟಿಯಾದ ಬೀಜ! ಆದರೆ ಅಮೆರಿಕ ತಲುಪಿದ ಮೇಲೆ ಆ ತಪ್ಪು ಅವನನ್ನು ಸಾಕಷ್ಟು ಕಾಡುವುದಿಲ್ಲ. ಅಲ್ಲಲ್ಲಿ ಪಶ್ಚಾತ್ತಾಪದ ಮಾತು ಬರುತ್ತದೆ, ನಡತೆಯಲ್ಲಿ ಬಿರುಕು ಕಾಣುವುದಿಲ್ಲ. ಸ್ಪೇನಿನವರ ಸುಳ್ಳನ್ನು ಅವನು ಪ್ರತಿಸಲವೂ ಸರಿಯಾಗಿಯೇ ಗುರುತಿಸುತ್ತಾನೆ, ಇಂದಿನ ಓದುಗ ಒಪ್ಪುವ ತೀರ್ಪನ್ನೇ ಕೊಡುತ್ತಾನೆ. ಹದಿನಾರನೆಯ ಶತಮಾನದ ಮನುಷ್ಯನೊಬ್ಬ ನಮಗೆ ಒಮ್ಮೆಯೂ ಮುಜುಗರ ತರದಿದ್ದರೆ ಅನುಮಾನ ಬರಬೇಕು. ಅವನ ಹೆಂಡತಿ ಓಯೊಮಾಸೊತ್ ಪ್ರವೇಶದಲ್ಲಿ ತುಂಬು ಚುರುಕಿನ ಹೆಣ್ಣು; ಕ್ರಮೇಣ ಅವನ ಒಳ್ಳೆಯತನಕ್ಕೆ ಸಾಕ್ಷಿಯಾಗಿ ಮಾತ್ರ ಉಳಿಯುತ್ತಾಳೆ.

ಕೊನೆಯ ಬಗ್ಗೆ ಓದುಗರಲ್ಲಿ ಎರಡು ಅಭಿಪ್ರಾಯ ಇರಬಹುದು. 1539ರಲ್ಲಿ ಕ್ರೈಸ್ತ ಸನ್ಯಾಸಿ ಫ್ರೈ ಮಾರ್ಕೋಸ್‌ನ ತಂಡಕ್ಕೆ ದಾರಿ ತೋರಿಸಲು ಮುಂದೆ ಹೋದ ಎಸ್ತೆಬಾನಿಕೊನನ್ನು ಜೂನಿ ಬುಡಕಟ್ಟಿನವರು ತಮ್ಮ ಹಾವಿಕೂ ಊರಿನಲ್ಲಿ ಕೊಂದರೆಂದು ಸ್ಪೇನಿನ ದಾಖಲೆ ಹೇಳುತ್ತದೆ. ಲಲಾಮಿ ಆ ಸಾವನ್ನೇ ಮುಸ್ತಫಾ ಹೂಡಿದ ಉಪಾಯವಾಗಿಸಿ, ಅವನಿಗೆ ಬಿಡುಗಡೆ ಕೊಡುತ್ತಾರೆ. ಇದು ಹಾರೈಕೆಯ ಮುಕ್ತಾಯ ಎಂಬ ಆಕ್ಷೇಪದಲ್ಲಿ ಹುರುಳಿದೆ. ಆದರೂ ನಾನು ಲೇಖಕಿಯ ಪರ. ಆ ಸಾವಿನ ಸುದ್ದಿಯನ್ನು ದಾಖಲಿಸಿದ ಫ್ರೈ ಮಾರ್ಕೋಸ್ ಅದನ್ನು ಕಣ್ಣಾರೆ ಕಂಡಿರಲಿಲ್ಲ, ಓಡಿಬಂದವರಿಂದ ಕೇಳಿದ್ದ. ದಾಖಲೆಯಲ್ಲಿ ಅಷ್ಟು ಎಡೆಯಿದ್ದಾಗ ಕಾದಂಬರಿಕಾರ್ತಿ ಅಲ್ಲಿ ಕಾಲಿಡುವುದು ನ್ಯಾಯವೇ.

ಕಬೇಸಾ ದೆ ವಾಕಾನ ವೃತ್ತಾಂತ ಇಂಗ್ಲಿಷ್ ಅನುವಾದದಲ್ಲಿ ಸಿಗುತ್ತದೆ, ದೊಡ್ಡ ಪುಸ್ತಕವೇನಲ್ಲ. ಮೊದಲು ಅದನ್ನು ಓದಿ, ಆಮೇಲೆ ಲಲಾಮಿಯನ್ನು ಕೈಗೆತ್ತಿಕೊಳ್ಳಿ.