ಗ್ವಾಡಿ ಯಾರ್ ನೋಡ್ಯಾರ?

ಅಪ್ಪ-ಅವ್ವನಿಗೆ ವಯಸ್ಸಾಯಿತು, ದವಾಖಾನೆ ಹತ್ತಿರ ಇರಲಿ ಅಂತ ಪೇಟೆಯಲ್ಲಿ ಒಂದು ಮನೆ ಮಾಡಿಕೊಡೋಣ ಅಂದುಕೊಂಡೆ. ಶನಿವಾರ-ಭಾನುವಾರ ಬೆಂಗಳೂರಿಂದ ಹೋಗಿ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರೂ ಕಡೆ ಅಡ್ಡಾಡಿದೆ. ಕೊನೆಗೆ ಒಂದು ಹಳೇ ಮನೆ ಮನಸ್ಸಿಗೆ ಬಂತು. ಯಾವ ಊರು, ಯಾರ ಮನೆ ಅನ್ನೋದು ಬೇಡ. ಮಾರಿದವರ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ. ಸಿಟ್ಟಿರೋದು ನನ್ನ ಮೇಲೆ, ಮತ್ತು ನಾನು ಕಣ್ಣುಮುಚ್ಚಿ ನಂಬಿದ ಕಾಗದಗಳ ಮೇಲೆ.

ಮನೆ ನೋಡಲು ಹೋದ ದಿನ ಅಪ್ಪ ಒಳಗೆ ಬರಲೇ ಇಲ್ಲ. ಸೀದಾ ಹಿತ್ತಲಿಗೆ ಹೋಗಿ ಗೋಡೆಯ ಬುಡದಲ್ಲಿ ಕೂತು ಮಣ್ಣು ಕೆದರಿದ.

"ಎರಿ ಮಣ್ಣೈತಿ. ಪಾಯಾ ಎಷ್ಟ್ ಆಳ ತಗದಾರ ಕೇಳು. ಈ ಮೂಲ್ಯಾಗ ಹೊಸಾ ಸಿಮೆಂಟ್ ಮೆತ್ಯಾರ."

"ಯಪ್ಪಾ, ಇ-ಖಾತಾ ಆಗೇತಿ, ಇಸಿ ಕ್ಲೀನ್ ಐತಿ, ಟ್ಯಾಕ್ಸ್ ಬಾಕಿ ಇಲ್ಲ. ಇನ್ನೇನ್ ಬೇಕು?"

"ಅದು ಕಾಗದದ ಮಾತಾತು. ಗ್ವಾಡಿ ಯಾರ್ ನೋಡ್ಯಾರ?"

ನಾನು ನಕ್ಕುಬಿಟ್ಟೆ. 2025ರ ಜನವರಿಯಲ್ಲಿ ನೋಂದಣಿ ಆಯಿತು. ಜುಲೈ ಮಳೆಗೆ ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು. ಮೆತ್ತಿದ್ದ ಸಿಮೆಂಟ್ ಬಿಟ್ಟುಕೊಂಡು ಬೆರಳು ತೂರುವಷ್ಟು ಬಿರುಕು, ಅದರೊಳಗಿಂದ ಅಡುಗೆಮನೆಗೆ ನೀರು. ಗೌಂಡಿ ಬಂದು ಐದು ನಿಮಿಷದಲ್ಲಿ ಕಾರಣ ಹೇಳಿದ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಪಾಯ ಆಳ ಇಲ್ಲದಿದ್ದರೆ ಗೋಡೆಯೂ ಅದರ ಜೊತೆ ಮೇಲೆ-ಕೆಳಗೆ ಆಗುತ್ತೆ.

ಈಗ ವಿಷಯಕ್ಕೆ ಬರೋಣ. ನಮ್ಮಲ್ಲಿ ಮನೆ ಮಾರುವಾಗ ಸರ್ಕಾರ ಏನನ್ನು ಪರಿಶೀಲಿಸುತ್ತೆ?

2024ರ ಅಕ್ಟೋಬರ್‌ನಿಂದ ರಾಜ್ಯದ ಪಟ್ಟಣಗಳಲ್ಲಿ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ. ಹಾವೇರಿ, ರಾಣೆಬೆನ್ನೂರು ನಗರಸಭೆ ಇರಲಿ, ಬ್ಯಾಡಗಿ ಪುರಸಭೆ ಇರಲಿ, ಇ-ಆಸ್ತಿ ತಂತ್ರಾಂಶದಲ್ಲಿ ದಾಖಲಾದ ವಿವರವನ್ನೇ ನೋಂದಣಿ ಇಲಾಖೆಯ ಕಾವೇರಿ 2.0 ತೆಗೆದುಕೊಳ್ಳುತ್ತೆ. ಮಾಲೀಕನ ಫೋಟೋ, ಆಸ್ತಿಯ ಫೋಟೋ, ಚಕ್ಕುಬಂದಿ, ಅಳತೆ, ತೆರಿಗೆ ರಸೀದಿ ಎಲ್ಲಾ ಬೇಕು. ಇದನ್ನು ನಾನು ಹಗುರ ಮಾಡುವುದಿಲ್ಲ. ಒಂದೇ ಸೈಟನ್ನು ಇಬ್ಬರಿಗೆ ಮಾರುವ ಆಟಕ್ಕೆ ಇದು ಒಳ್ಳೇ ಕಡಿವಾಣ.

ಆದರೆ ಸಾಫ್ಟ್‌ವೇರ್ ಬರೆಯೋ ನನ್ನಂಥವರಿಗೆ ಗೊತ್ತಿರುವ ಒಂದು ಸತ್ಯ ಇದೆ: ಡೇಟಾಬೇಸಿನಲ್ಲಿ ಕಾಲಂ ಇಲ್ಲದಿದ್ದರೆ ಆ ಸಮಸ್ಯೆಯೂ ಇಲ್ಲ ಅಂತಲೇ ಸಿಸ್ಟಮ್ ತಿಳಿಯುತ್ತೆ. ಕಟ್ಟಡ ಎಷ್ಟು ದೊಡ್ಡದು, ವಾಸಕ್ಕೋ ಅಂಗಡಿಗೋ ಅನ್ನೋದು ತೆರಿಗೆಗೆ ಬೇಕು, ಅದನ್ನು ಕೇಳ್ತಾರೆ. ಅದು ನೆಟ್ಟಗೆ ನಿಂತಿದೆಯೋ ಇಲ್ಲವೋ ಯಾರಿಗೂ ಬೇಡ. ಫೋಟೋ ಇರೋದು ಮುಂಬಾಗಿಲಿಂದು, ಬಿರುಕು ಇದ್ದಿದ್ದು ಹಿತ್ತಲಲ್ಲಿ.

ಬ್ಯಾಂಕಿನ ಇಂಜಿನಿಯರ್ ಬರ್ತಾರಲ್ಲ ಅಂತೀರಿ. ಬರ್ತಾರೆ. ಸಾಲ ಮುಳುಗಿದರೆ ಈ ಮನೆಗೆ ಎಷ್ಟು ದುಡ್ಡು ಬರುತ್ತೆ ಅನ್ನೋದು ಅವರ ಲೆಕ್ಕ. ಆ ವರದಿ ಬ್ಯಾಂಕಿಗೆ, ನಮಗಲ್ಲ.

ಕಾನೂನು ಇಲ್ಲವೇ ಇಲ್ಲ ಅಂತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಂ ಪ್ರಕಾರ, ಕೊಳ್ಳುವವನ ಸಾಮಾನ್ಯ ಎಚ್ಚರಿಕೆಗೆ ಸಿಗದ, ತನಗೆ ಗೊತ್ತಿರುವ ಮುಖ್ಯ ದೋಷವನ್ನು ಮಾರುವವನು ಹೇಳಲೇಬೇಕು. ಆದರೆ ಅವನಿಗೆ ಗೊತ್ತಿತ್ತು ಅಂತ ಸಾಬೀತು ಮಾಡೋದು ಹೇಗೆ? ಅದೂ ಅಲ್ಲದೆ ನಮ್ಮಪ್ಪನ ಕಣ್ಣಿಗೆ ಕಂಡಿತ್ತಲ್ಲ! ಕೋರ್ಟಿನಲ್ಲಿ ನಾನೇ ಸೋಲ್ತೀನಿ. 2016ರ ರೇರಾ ಕಾಯ್ದೆಯಲ್ಲಿ ಕಟ್ಟಡದ ದೋಷಕ್ಕೆ 5 ವರ್ಷ ಬಿಲ್ಡರೇ ಹೊಣೆ, ತಿಳಿಸಿದ 30 ದಿನದಲ್ಲಿ ಖರ್ಚಿಲ್ಲದೆ ಸರಿಮಾಡಿಕೊಡಬೇಕು. ಅದು ಪ್ರಾಜೆಕ್ಟ್ ಕಟ್ಟುವವರಿಗೆ. ಹಳೇ ಮನೆ ಮಾರುವ ಯಜಮಾನರಿಗೆ ಅಲ್ಲ.

ಬೇರೆ ಕಡೆ ಹೇಗೆ? ಅಮೆರಿಕದ ಒಹಾಯೊ ರಾಜ್ಯದ ಶೇಕರ್ ಹೈಟ್ಸ್‌ನಂಥ ಊರುಗಳಲ್ಲಿ ಮನೆ ಮಾರುವ ಮುಂಚೆ ನಗರಾಡಳಿತದವರೇ ಬಂದು ಪರೀಕ್ಷೆ ಮಾಡುತ್ತಾರೆ. ಮಿನಿಯಾಪೊಲಿಸ್‌ನಲ್ಲಿ ಪರವಾನಗಿ ಪಡೆದ ಪರಿಶೀಲಕರಿಂದ ಮಾರುವವನೇ ವರದಿ ಮಾಡಿಸಿ, ನೋಡಲು ಬಂದವರ ಮುಂದೆ ಇಡಬೇಕು.

ಮೊದಲನೆಯದು ನಮಗೆ ಬೇಡ ಅಂತ ನಾನಂತೂ ಹೇಳ್ತೀನಿ. ಇನ್ನೊಬ್ಬ ಇನ್ಸ್‌ಪೆಕ್ಟರ್ ಅಂದ್ರೆ ಇನ್ನೊಂದು ಟೇಬಲ್, ಅದರ ಕೆಳಗೆ ಇನ್ನೊಂದು ಕೈ. ಮಗಳ ಮದುವೆಗೆ ಅಂತ ಅವಸರದಲ್ಲಿ ಹಳೇ ಮನೆ ಮಾರುವ ಬಡವನೇ ಅಲ್ಲಿ ಸಿಕ್ಕಿಬೀಳ್ತಾನೆ. ಆದರೆ ಎರಡನೆಯದರ ತಿರುಳು ನಮಗೆ ಬೇಕು. ಇ-ಖಾತಾ ಜೊತೆ ಮನೆ ಬಗ್ಗೆ ಒಂದೇ ಒಂದು ಪುಟ ಇರಲಿ. ಕಟ್ಟಿದ್ದು ಯಾವಾಗ? ಪಿಲ್ಲರ್ ಇದೆಯೋ, ಬರೀ ಗೋಡೆ ಮೇಲೆ ಸ್ಲ್ಯಾಬ್ ನಿಂತಿದೆಯೋ? ಪಾಯ ಎಷ್ಟು ಆಳ? ಪಾಯಖಾನೆ ನೀರು ಗುಂಡಿಗೋ, ಒಳಚರಂಡಿಗೋ? ಎಲ್ಲೆಲ್ಲಿ ಬಿರುಕು, ಸೋರಿಕೆ? ಮಾರುವವನೇ ತುಂಬಿ ಸಹಿ ಹಾಕಲಿ. ಬಿರುಕಿದೆ ಅಂತ ನೋಂದಣಿ ನಿಲ್ಲಿಸುವುದು ಬೇಡ, ಗೊತ್ತಿಲ್ಲ ಅಂತ ಬರೆದರೂ ನಡೆಯಲಿ. ಆದರೆ ಸುಳ್ಳು ಬರೆದರೆ, 55ನೇ ಕಲಮಿಗೆ ಅದೇ ಸಾಕ್ಷಿ. ನೋಂದಣಿ ಶುಲ್ಕವನ್ನು 2025ರ ಆಗಸ್ಟ್ 31ರಿಂದ ಶೇ 1ರಿಂದ ಶೇ 2ಕ್ಕೆ ಏರಿಸಿದ್ದಾರೆ. ದುಪ್ಪಟ್ಟು ಶುಲ್ಕಕ್ಕೆ ಒಂದು ಪುಟ ಜಾಸ್ತಿ ಕೇಳಿದರೆ ತಪ್ಪೇನಲ್ಲ.

ಆ ಪುಟ ಬರುವವರೆಗೆ ನಮ್ಮ ಎಚ್ಚರ ನಮಗೆ. ಹಳೇ ಮನೆ ಕೊಳ್ಳೋ ಗೆಳೆಯರು ಈಗ ನನಗೆ ಇಸಿ ಕಳಿಸಿ "ಸರಿ ಐತೇನೋ ನೋಡಪಾ" ಅಂತಾರೆ. ನಾನು ಕೇಳೋದು ಎರಡೇ. ದೊಡ್ಡ ಮಳೆ ಆದ ಮಾರನೇ ದಿನ ಹೋಗಿ ನೋಡಿದ್ರಾ? ಜೊತೆಗೆ ಒಬ್ಬ ಗೌಂಡಿಯನ್ನ ಕರಕೊಂಡು ಹೋಗಿದ್ರಾ?

ನಮ್ಮ ಗೋಡೆ ರಿಪೇರಿಗೆ ನನ್ನ ಎರಡು ತಿಂಗಳ ಸಂಬಳ ಹೋಯಿತು. ಅಪ್ಪ ಒಂದು ಮಾತೂ ಆಡಲಿಲ್ಲ. ಗೌಂಡಿ ಪಾಯ ತೋಡುವಾಗ ಮಾತ್ರ ಪಕ್ಕದಲ್ಲೇ ಕೂತು, ಆಳ ಎಷ್ಟಾಯಿತು ಅಂತ ತಾನೇ ಅಳೆದು ನೋಡುತ್ತಿದ್ದ.