ಸಮರೂಪಿ ಪದಗಳು ಮತ್ತು ಅನ್ಯಭಾಷಾ ಕಲಿಕೆ

ಅನ್ಯಭಾಷೆಯನ್ನು ಕಲಿಯುವವರಿಗೆ ತಮ್ಮ ನುಡಿಯ ಪದವನ್ನೇ ಹೋಲುವ ಪದ ಎದುರಾದಾಗ ಪರಊರಿನಲ್ಲಿ ನೆಂಟರನ್ನು ಕಂಡಷ್ಟು ಸಂತೋಷವಾಗುತ್ತದೆ. ಆದರೆ ನೆಂಟಸ್ತಿಕೆ ನಿಜವಾಗಿದ್ದರೂ ಅರ್ಥ ಒಂದೇ ಆಗಿರಬೇಕಿಲ್ಲ. ಸಮಾನಪದಗಳ ಪಟ್ಟಿಯನ್ನೇ ನೆಚ್ಚಿಕೊಂಡ ಕಲಿಕೆಯ ಕ್ರಮವು ಈ ಭೇದವನ್ನು ಅಲಕ್ಷಿಸುತ್ತದೆ.

ಹೋಲಿಕೆಯ ಉಪಯೋಗವನ್ನು ಮೊದಲು ಒಪ್ಪಿಕೊಳ್ಳಬೇಕು. ಹಳಗನ್ನಡದ ಪದಾದಿಯ ಪಕಾರವು ಮುಂದೆ ಬಹುಮಟ್ಟಿಗೆ ಹಕಾರವಾಯಿತು. ತಮಿಳಿನಲ್ಲಿ ಪಕಾರವೇ ಉಳಿಯಿತು. ಇದನ್ನರಿತ ಕನ್ನಡಿಗನಿಗೆ ಪಾಲ್, ಪುಲಿ, ಪಲ್ ಎಂಬವು ಹಾಲು, ಹುಲಿ, ಹಲ್ಲುಗಳಾಗಿ ಸುಲಭವಾಗಿ ದಕ್ಕುತ್ತವೆ. ಆದರೆ ಅದೇ ಧೈರ್ಯದಿಂದ 'ಪಳ್ಳಿ'ಯನ್ನು ಹಳ್ಳಿಯೆಂದುಕೊಂಡರೆ, ಇಂದಿನ ತಮಿಳಿನಲ್ಲಿ ಅದು ಶಾಲೆ. ಧ್ವನಿನಿಯಮವು ರೂಪಕ್ಕೆ ಹೊಣೆಯೇ ಹೊರತು ಅರ್ಥಕ್ಕಲ್ಲ.

ಸಂಸ್ಕೃತಜನ್ಯ ಪದಗಳಲ್ಲಿ ರೂಪವೂ ಹೆಚ್ಚು ಬದಲಾಗದಿರುವುದರಿಂದ ಅನುಮಾನಕ್ಕೇ ಎಡೆಯಿರುವುದಿಲ್ಲ. ಕನ್ನಡದ 'ಶಿಕ್ಷೆ' ದಂಡನೆ, ಹಿಂದಿಯ 'ಶಿಕ್ಷಾ' ವಿದ್ಯಾಭ್ಯಾಸ. ನಮ್ಮ 'ಉಪನ್ಯಾಸ' ಭಾಷಣ, ಅಲ್ಲಿ ಅದು ಕಾದಂಬರಿ. 'ಅವಸರ'ವು ಕನ್ನಡದಲ್ಲಿ ಆತುರ, ತೆಲುಗಿನಲ್ಲಿ ಅಗತ್ಯ, ಹಿಂದಿಯಲ್ಲಿ ಅವಕಾಶ.

ಇವು ನಗೆಪಾಟಲಿನಲ್ಲಿ ಮುಗಿಯಬಹುದಾದ ತಪ್ಪುಗಳು. ಜಾನಪದ ಸಂಶೋಧನೆಯಲ್ಲಿ ಹಾಗಲ್ಲ. ತುಳುವಿನಲ್ಲಿ 'ಅಪ್ಪೆ' ಎಂದರೆ ತಾಯಿ, 'ಅಮ್ಮೆ' ಎಂದರೆ ತಂದೆ. ತುಳು ಬಹುಮಟ್ಟಿಗೆ ಕನ್ನಡ ಲಿಪಿಯಲ್ಲೇ ಮುದ್ರಣಗೊಳ್ಳುವುದರಿಂದ ಕನ್ನಡದ ಓದುಗನಿಗೆ ಭ್ರಮೆ ಇಮ್ಮಡಿಯಾಗುತ್ತದೆ. ಪಾಡ್ದನವೊಂದನ್ನು ಓದುವಾಗ ಅಪ್ಪೆಯ ಜಾಗದಲ್ಲಿ ಅಪ್ಪನನ್ನು ಕೂರಿಸಿದರೆ ಕೆಡುವುದು ಒಂದು ಪದವಷ್ಟೇ ಅಲ್ಲ. ತಾಯಿಯ ಕಡೆಯಿಂದ ಕುಲವನ್ನು ಎಣಿಸುವ ಅಳಿಯಸಂತಾನದ ಸಮಾಜದಲ್ಲಿ ಇಡೀ ವಂಶಾವಳಿಯೇ ತಲೆಕೆಳಗಾಗುತ್ತದೆ. ಅದರ ಮೇಲೆ ಕಟ್ಟಿದ ವ್ಯಾಖ್ಯಾನವೂ ಕುಸಿಯುತ್ತದೆ.

ಹಾಗೆಂದು ಹೋಲಿಕೆಯನ್ನು ಕಲಿಕೆಯಿಂದ ಹೊರಗಿಡುವುದು ಪರಿಹಾರವಲ್ಲ. ಬರೋ ಮತ್ತು ಎಮೆನೊ ಅವರು 1961ರಲ್ಲಿ ಪ್ರಕಟಿಸಿದ ದ್ರಾವಿಡ ವ್ಯುತ್ಪತ್ತಿ ನಿಘಂಟು ಜ್ಞಾತಿಪದಗಳನ್ನು ಒಂದೆಡೆ ತಂದರೂ ಆಯಾ ಭಾಷೆಯ ಅರ್ಥವನ್ನು ಬೇರೆಯಾಗಿಯೇ ಕಾಣಿಸುತ್ತದೆ. ಪಠ್ಯಗಳು ಅನುಸರಿಸಬೇಕಾದ ಮಾದರಿ ಇದು. ಇದರೊಂದಿಗೆ ಗಾದೆ, ಒಗಟು, ಸಂಬೋಧನೆಗಳಂತಹ ಬಳಕೆಯ ಸಂದರ್ಭಗಳಲ್ಲಿಟ್ಟು ಪದವನ್ನು ಕಲಿಸಬೇಕು. 'ಅಪ್ಪೆ' ಎಂದು ಮಕ್ಕಳು ಯಾರನ್ನು ಕರೆಯುತ್ತಾರೆಂಬುದನ್ನು ಒಮ್ಮೆ ಕಂಡವರು ಆ ಪದದಲ್ಲಿ ಮತ್ತೆ ತಪ್ಪಲಾರರು.